ಆರ್‌ಒಪಿ ತಪಾಸಣೆ: ದಿನಗಳ ಲೆಕ್ಕ

ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲ ರೋಗವಾದ ಆರ್‌ಒಪಿಯನ್ನು ಓದುವಾಗ ನಾವು ಹಂತಗಳ ಚಿತ್ರಗಳಿಗೆ ಕೊಡುವಷ್ಟು ಗಮನವನ್ನು ವಾರಗಳ ಲೆಕ್ಕಕ್ಕೆ ಕೊಡುವುದಿಲ್ಲ. ಅಕ್ಷಿಪಟಲದ ರಕ್ತನಾಳಗಳು ಮೂಗಿನ ಕಡೆಯ ಅಂಚನ್ನು ಗರ್ಭಾವಧಿಯ ಸುಮಾರು 36ನೇ ವಾರಕ್ಕೂ ಕಿವಿಯ ಕಡೆಯ ಅಂಚನ್ನು ಸುಮಾರು 40ನೇ ವಾರಕ್ಕೂ ತಲುಪುತ್ತವೆ. ಬೇಗ ಹುಟ್ಟಿದ ಮಗುವಿಗೆ ಆಮ್ಲಜನಕ ಹೆಚ್ಚಾದಾಗ, ರಕ್ತನಾಳಗಳನ್ನು ಬೆಳೆಸುವ ಪ್ರೋಟೀನಾದ ವಿಇಜಿಎಫ್ ಕುಗ್ಗಿ ಈ ಬೆಳವಣಿಗೆ ನಿಲ್ಲುತ್ತದೆ. ಕೆಲವು ವಾರಗಳ ನಂತರ, ರಕ್ತನಾಳವಿಲ್ಲದ ಭಾಗಕ್ಕೆ ಆಮ್ಲಜನಕ ಸಾಲದೆ ಅದೇ ವಿಇಜಿಎಫ್ ಮಿತಿಮೀರಿ, ಅಸಹಜ ನಾಳಗಳು ಹುಟ್ಟುತ್ತವೆ. ಹುಟ್ಟಿದ ಮರುದಿನವೇ ಕಣ್ಣು ನೋಡಿ ನಿಶ್ಚಿಂತರಾಗಬಾರದು ಎನ್ನುವುದು ಇದಕ್ಕಾಗಿಯೇ.

ಯಾವ ಶಿಶುಗಳನ್ನು ತಪಾಸಿಸಬೇಕು ಎಂಬುದಕ್ಕೆ ಅಮೆರಿಕದ ಮಾರ್ಗಸೂಚಿಯು 30 ವಾರ ಅಥವಾ 1500 ಗ್ರಾಂ ಮತ್ತು ಅದಕ್ಕಿಂತ ಕಡಿಮೆ ಎಂಬ ಮಿತಿಯನ್ನು ಹೇಳುತ್ತದೆ. ನಮ್ಮಲ್ಲಿ ಇನ್ನೂ ದೊಡ್ಡ ಶಿಶುಗಳಲ್ಲೂ ತೀವ್ರ ರೋಗ ಕಾಣುವುದರಿಂದ, 34 ವಾರಕ್ಕಿಂತ ಮುಂಚೆ ಹುಟ್ಟಿದ ಅಥವಾ 2000 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳನ್ನೆಲ್ಲ ನೋಡಬೇಕು. ಮೊದಲ ತಪಾಸಣೆ ಹುಟ್ಟಿದ ನಾಲ್ಕನೇ ವಾರದೊಳಗೆ ಆಗಬೇಕು. 28 ವಾರ ಅಥವಾ 1200 ಗ್ರಾಂಗಿಂತ ಕಡಿಮೆಯಿದ್ದರೆ ಎರಡು–ಮೂರನೇ ವಾರದಲ್ಲೇ. ತಜ್ಞರಿಲ್ಲದ ಊರುಗಳಲ್ಲಿ ಇದು ಹೇಗೆ ಸಾಧ್ಯ ಎಂಬುದಕ್ಕೆ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಎಂಬ ತಪಾಸಣಾ ಯೋಜನೆ ಉತ್ತರ ಕೊಟ್ಟಿದೆ: ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಿಗೆ (ಎನ್‌ಐಸಿಯು) ಕ್ಯಾಮೆರಾ ಹೊತ್ತೊಯ್ದು ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ನೋಡುತ್ತಾರೆ.

ದೃಷ್ಟಿನರದ ತಟ್ಟೆಯ ಸುತ್ತಲಿನ, ಅಕ್ಷಿಪಟಲದ ತೀರ ಒಳಗಿನ ವೃತ್ತವಾದ ವಲಯ 1ನ್ನು ಅಂದಾಜಿಸಲು ಒಂದು ಕೈಚಳಕವಿದೆ. 28 ಡಯಾಪ್ಟರ್ ಲೆನ್ಸಿನಲ್ಲಿ ದೃಷ್ಟಿನರದ ತಟ್ಟೆಯ ಮೂಗಿನ ಕಡೆಯ ಅಂಚನ್ನು ನೋಟದ ಒಂದು ತುದಿಗೆ ತಂದು ನಿಲ್ಲಿಸಿದರೆ, ಕಿವಿಯ ಕಡೆಯ ಇನ್ನೊಂದು ತುದಿಯೇ ಸರಿಸುಮಾರು ವಲಯ 1ರ ಗಡಿ. ನಾಳಗಳು ಅಷ್ಟರೊಳಗೇ ನಿಂತಿದ್ದರೆ ಮುಂದಿನ ಭೇಟಿಯನ್ನು ಎರಡು ವಾರ ಮುಂದೂಡುವ ಪ್ರಶ್ನೆಯೇ ಇಲ್ಲ. 2021ರ ಅಂತರರಾಷ್ಟ್ರೀಯ ವರ್ಗೀಕರಣವು ಪ್ಲಸ್ ರೋಗವನ್ನು (ಅಕ್ಷಿಪಟಲದ ರಕ್ತನಾಳಗಳು ಹಿಗ್ಗಿ ಸುರುಳಿಯಾಗುವುದನ್ನು) ‘ಇದೆ, ಇಲ್ಲ’ ಎಂದು ನೋಡದೆ ಹಂತಹಂತವಾಗಿ ಹೆಚ್ಚುವ ಬದಲಾವಣೆಯೆಂದು ಕಾಣುತ್ತದೆ. ನನ್ನ ಮಟ್ಟಿಗೆ, ಕಲಿಯುವವರಿಗೆ ಇದೇ ಪ್ರಾಮಾಣಿಕವಾದ ವಿವರಣೆ. ಟೈಪ್ 1, ಅಂದರೆ ಚಿಕಿತ್ಸೆ ಬೇಕಾದಷ್ಟು ತೀವ್ರ ರೋಗ, ಎಂದು ನಿರ್ಧಾರವಾದರೆ 48ರಿಂದ 72 ಗಂಟೆಗಳೊಳಗೆ ಚಿಕಿತ್ಸೆಯಾಗಬೇಕು.

ಲೇಸರ್ ರಕ್ತನಾಳವಿಲ್ಲದ ಭಾಗವನ್ನು ಸುಟ್ಟು ವಿಇಜಿಎಫ್‌ನ ಮೂಲವನ್ನೇ ಇಲ್ಲವಾಗಿಸುತ್ತದೆ. ಕಣ್ಣೊಳಗೆ ಕೊಡುವ ಚುಚ್ಚುಮದ್ದು ಹಾಗಲ್ಲ, ಅದು ಬಿಡುಗಡೆಯಾದ ವಿಇಜಿಎಫನ್ನು ಕಟ್ಟಿಹಾಕುತ್ತದೆ, ಅಂಚಿನ ಅಕ್ಷಿಪಟಲ ಮಾತ್ರ ಬಹುಕಾಲ ನಾಳವಿಲ್ಲದೆಯೇ ಉಳಿಯಬಹುದು. ಹೀಗಾಗಿ ಕಣ್ಣು ಶಾಂತವಾಗಿ ಕಂಡ ಮೇಲೂ, ವಾರಗಳು ಅಥವಾ ತಿಂಗಳುಗಳು ಕಳೆದು ರೋಗ ಮರುಕಳಿಸಬಹುದು. ಚುಚ್ಚುಮದ್ದು ಪಡೆದ ಮಗುವನ್ನು ಮನೆಗೆ ಕಳುಹಿಸುವ ದಿನ ಮುಂದಿನ ತಪಾಸಣೆಯ ದಿನಾಂಕವನ್ನು ಬಾಯಲ್ಲಿ ಹೇಳಿದರೆ ಸಾಲದು. ಡಿಸ್ಚಾರ್ಜ್ ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದು, ಆ ತಾಯಿಯ ಕೈಗೇ ಕೊಟ್ಟು, ಅವರಿಂದ ಒಮ್ಮೆ ಓದಿಸಬೇಕು.