ಮಿತಭಾಷಿ ಎಂದರೆ ಮಾತಾಡದವರಲ್ಲ

ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. 'ಸ್ವಂತ ವಾಕ್ಯದಲ್ಲಿ ಬಳಸಿ' ಎಂಬ ಪ್ರಶ್ನೆ ನನಗೆ ತುಂಬ ಇಷ್ಟ. ಪದ ಮಕ್ಕಳ ಮನಸ್ಸಿನಲ್ಲಿ ಹೇಗೆ ಕೂತಿದೆ ಅಂತ ಅಲ್ಲಿ ತಿಳಿಯುತ್ತದೆ. ಹೋದ ವಾರ ಕೊಟ್ಟ ಪದ 'ಮಿತಭಾಷಿ'. ಒಬ್ಬ ಹುಡುಗಿ ಬರೆದಿದ್ದಳು: "ನನ್ನ ತಂಗಿ ಮಿತಭಾಷಿ. ನೆಂಟರು ಬಂದರೆ ಒಳಗೆ ಓಡಿಹೋಗುತ್ತಾಳೆ."

ಆ ತಂಗಿಗೆ ನಾಚಿಕೆ ಜಾಸ್ತಿ, ಅಷ್ಟೇ.

'ಮಿತ' ಎಂದರೆ ಕಡಿಮೆ ಅಂತ ನಾವು ಅಂದುಕೊಂಡಿದ್ದೇವೆ. ಅದರ ಮೂಲ ಅರ್ಥ 'ಅಳೆದದ್ದು'. ಸಂಸ್ಕೃತದಲ್ಲಿ ಅಳೆಯುವುದಕ್ಕೆ 'ಮಾ' ಎಂಬ ಧಾತು ಇದೆ, ಅದರಿಂದ ಬಂದ ಪದ. ಅಮಿತ ಎಂದರೆ ಅಳತೆಗೆ ಸಿಗದ್ದು. ಛಂದಸ್ಸಿನಲ್ಲಿ ಲಘುವಿಗೆ 1, ಗುರುವಿಗೆ 2 ಅಂತ ಎಣಿಸುವ ಮಾತ್ರೆಯೂ ಅದೇ ಧಾತುವಿನದು. ಡಾಕ್ಟರು ಬರೆದುಕೊಡುವ ಮಾತ್ರೆಯೂ ಅದೇ. ಜ್ವರದ ಮಾತ್ರೆ ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಮಿತಭಾಷಿಯ ಮಾತೂ ಹಾಗೆ, ಎಷ್ಟು ಬೇಕೋ ಅಷ್ಟೇ ಇರುತ್ತದೆ. ಮಿತವ್ಯಯ ಮಾಡುವವರನ್ನು ಜಿಪುಣರು ಅನ್ನುವುದಿಲ್ಲ, ಅಲ್ವಾ? ಹಿರಿಯರು 'ಹಿತಮಿತವಾಗಿ ಮಾತಾಡು' ಅನ್ನುವಾಗಲೂ ಬಾಯಿ ಮುಚ್ಚಿಕೋ ಎಂದು ಹೇಳುತ್ತಿರಲಿಲ್ಲ.

ಬಳಕೆಯಲ್ಲಿ ಒಂದು ಎಚ್ಚರ ಬೇಕು. ಮಿತಭಾಷಿ ಎನ್ನುವುದು ಆಡುವವರಿಗೆ, ಆಡಿದ ಮಾತಿಗಲ್ಲ. "ಅವರ ಭಾಷಣ ಮಿತಭಾಷಿಯಾಗಿತ್ತು" ಎಂದರೆ ತಪ್ಪು. ಭಾಷಣಕ್ಕೆ, ಬರಹಕ್ಕೆ 'ಅಡಕ' ಎಂಬ ಚೆಂದದ ಪದವಿದೆ. ಸಂಕ್ಷಿಪ್ತಕ್ಕಿಂತ ನನಗೆ ಇದೇ ಹತ್ತಿರ. ಚಿಕ್ಕ ಜಾಗದಲ್ಲಿ ಎಲ್ಲವನ್ನೂ ಒತ್ತಿ ತುಂಬಿದ್ದು ಅಡಕ. ಹೇಳಬೇಕಾದ್ದನ್ನು ಪೂರ್ತಿ ಹೇಳದೆ ನಿಲ್ಲಿಸಿದರೆ ಅದು ಮೊಟಕು.

ಈ ಎರಡರ ವ್ಯತ್ಯಾಸ ತಿಳಿಸಲು ನಾನು ಮಕ್ಕಳಿಗೆ ನಮ್ಮೂರ ಬೆಣ್ಣೆದೋಸೆ ಹೋಟೆಲನ್ನೇ ನೆನಪಿಸುತ್ತೇನೆ. "ಎರಡು ಬೆಣ್ಣೆ, ಒಂದು ಖಾಲಿ." ದೋಸೆ ಎಂಬ ಪದವೇ ಇಲ್ಲ, ಕ್ರಿಯಾಪದವೂ ಇಲ್ಲ. ಆದರೂ ಕಾವಲಿ ಮುಂದಿರುವವರಿಗೆ ಎಲ್ಲ ತಿಳಿಯಿತು. ಅದು ಅಡಕ. ಸುಮ್ನೆ "ಎರಡು" ಎಂದರೆ ಅವರು ತಿರುಗಿ ಕೇಳಲೇಬೇಕು. ಅದು ಮೊಟಕು.

ಕನ್ನಡದ ವ್ಯಾಕರಣವೂ ಅಡಕಕ್ಕೆ ಒಗ್ಗಿದ್ದೇ. "ಬಂದಳು" ಎಂಬ ಒಂದೇ ಪದ ನೋಡಿ. ಬಂದದ್ದು ಹೆಂಗಸು, ಒಬ್ಬಳೇ, ಬಂದಾಗಿದೆ. ಮೂರೂ ಅದರೊಳಗೇ ಇವೆ.

ಆ ಹುಡುಗಿಗೆ ಅಂಕ ಕಳೆಯಲಿಲ್ಲ, ಇನ್ನೊಮ್ಮೆ ಬರಿ ಎಂದೆ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರ ಮನೆಯವಳು. ಮರುದಿನ ಬರೆದು ತಂದಳು: "ನನ್ನ ಅಜ್ಜ ಮಿತಭಾಷಿ. ವ್ಯಾಪಾರದವರು ಬಂದರೆ ಕೂರಿಸುತ್ತಾರೆ, ರೇಟು ಹೇಳುತ್ತಾರೆ, ಚಾ ಕೊಟ್ಟು ಕಳಿಸುತ್ತಾರೆ."