ಕಂಟೇನರ್ ಮನೆ: ಥರ್ಮಾಕೋಲಿನ ಹಿಂದೆ ಗಾಳಿಗೆ ಜಾಗ ಬಿಡಬೇಕಾ?

ಪ್ರಶ್ನೆ: ಪೆರ್ಲದ ಹತ್ತಿರ ತೋಟದಲ್ಲಿ 20 ಅಡಿಯ ಹಳೇ ಕಂಟೇನರ್ ಇಟ್ಟು ಕೋಣೆ ಮಾಡಿದ್ದೇವೆ. ಒಳಗೆ ಥರ್ಮಾಕೋಲ್, ಅದರ ಮೇಲೆ ಪ್ಲೈವುಡ್. ಮಳೆಗಾಲದಲ್ಲಿ ಸೀಲಿಂಗಿನಿಂದ ನೀರು ತೊಟ್ಟಿಕ್ಕುತ್ತದೆ. ಗಾಳಿ ಆಡಲು ಬಿಟ್ಟ ಜಾಗ ಸಾಲದಾಯಿತೇ?

ಸಾಲದ್ದಲ್ಲ, ಜಾಸ್ತಿಯಾದದ್ದು. ಪ್ರತಿ ಆಟಿ ತಿಂಗಳ ಮಳೆಯಲ್ಲೂ ಇದೇ ಪ್ರಶ್ನೆ ಬರುತ್ತದೆ. ಉಪ್ಪಳದಿಂದ ಬಂದರೂ ಮುಳ್ಳೇರಿಯದಿಂದ ಬಂದರೂ ಉತ್ತರ ಒಂದೇ: ತಗಡಿಗೂ ಥರ್ಮಾಕೋಲಿಗೂ ನಡುವೆ ಜಾಗ ಇರಲೇಬಾರದು.

ಈ 'ಗಾಳಿ ಆಡಲಿ' ಅನ್ನುವ ಮಾತು ಬಂದದ್ದು ಹೆಂಚಿನ ಮನೆಯಿಂದ. ಅಲ್ಲಿ ಅದು ಸರಿ. ಹೆಂಚಿನ ಸಂದಿಯಲ್ಲಿ ಹಬೆ ಹೊರಗೆ ಹೋಗುತ್ತದೆ, ಹೆಂಚು ತಾನೂ ಸ್ವಲ್ಪ ನೀರು ಹೀರುತ್ತದೆ. ಕಂಟೇನರಿನ ಉಕ್ಕು ಹೀರುವುದೂ ಇಲ್ಲ, ಬಿಡುವುದೂ ಇಲ್ಲ. ನೀವು ಬಿಟ್ಟ ಜಾಗಕ್ಕೆ ಬರುವುದು ಕೋಣೆಯದೇ ಗಾಳಿ. ಅದರಲ್ಲಿ ನಿಮ್ಮ ಉಸಿರು, ಗಂಜಿಯ ಹಬೆ, ಒಣಗದ ಬಟ್ಟೆಯ ತೇವ ಎಲ್ಲ ಇರುತ್ತದೆ. ನಾಲ್ಕು ಜನ ರಾತ್ರಿಯಿಡೀ ಮಲಗಿದರೆ ಉಸಿರು, ಬೆವರಿನಿಂದಲೇ ಲೀಟರಿಗೂ ಹೆಚ್ಚು ನೀರು ಗಾಳಿಗೆ ಸೇರುತ್ತದೆ. 27 ಡಿಗ್ರಿ ಸೆಖೆ, 90 ಶೇಕಡಾ ತೇವ ಇದ್ದಾಗ ತಗಡು 25 ಡಿಗ್ರಿಗೆ ಇಳಿದರೆ ಸಾಕು, ನೀರು ಕಟ್ಟುತ್ತದೆ. ಬರೀ ಎರಡು ಡಿಗ್ರಿ! ರಾತ್ರಿ ಮಳೆ ಹೊಡೆದರೆ ಅಷ್ಟು ತಣ್ಣಗಾಗದೇ ಇರುತ್ತದಾ? ತಣ್ಣೀರು ತುಂಬಿದ ಚೊಂಬು ಬೆವರುವ ಹಾಗೆ ಇದೂ ಬೆವರುತ್ತದೆ. ಪ್ಲೈವುಡ್ಡಿನ ಹಿಂದೆ ಆಗುವುದರಿಂದ ತುಕ್ಕು ಹಿಡಿದದ್ದೂ ಕಾಣುವುದಿಲ್ಲ.

ಸಂಶಯ ಇದ್ದರೆ ಎರಡು ದಿನ ಮಳೆ ಬಿಟ್ಟ ಮೇಲೆ ಬೆಳಗಿನ ಜಾವ ಒಂದು ಹಲಗೆ ಬಿಚ್ಚಿ ನೋಡಿ. ಉಕ್ಕಿನ ಮೇಲೆ ಆಗಲೂ ಹೊಸ ಹನಿ ಇದ್ದರೆ ಸೋರಿಕೆಯ ಮಾತು ಬಿಡಿ. ಸುಮ್ನೆ ವಾಟರ್‌ಪ್ರೂಫಿಂಗಿಗೆ ದುಡ್ಡು ಸುರಿಯಬೇಡಿ.

ಒಳ್ಳೆಯ ದಾರಿ ಪಿಯು (ಪಾಲಿಯುರೆಥೇನ್) ಸ್ಪ್ರೇ ಫೋಮ್, ಅದರಲ್ಲೂ ಕ್ಲೋಸ್ಡ್ ಸೆಲ್, ಅಂದರೆ ಒಳಗಿನ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುವಂಥದ್ದು. ತುಕ್ಕು ಉಜ್ಜಿ ಪ್ರೈಮರ್ ಹೊಡೆದ ಉಕ್ಕಿಗೆ ಅದು ಅಂಟಿ ಕೂರುತ್ತದೆ, ಏರುತಗ್ಗು ಎಲ್ಲ ತುಂಬುತ್ತದೆ. ದುಬಾರಿ ಅನ್ನಿಸಿದರೆ ಥರ್ಮಾಕೋಲನ್ನೇ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ತಗ್ಗುಗಳಿಗೆ ತುಂಬಿ. ಮೇಲೆ ಇಡೀ ಶೀಟ್ ಅಂಟಿಸಿ, ಸಂದಿಗಳಿಗೆಲ್ಲ ಫೋಮ್ ಮತ್ತು ಟೇಪ್ ಹಾಕಿ. ವೈರನ್ನು ಪೈಪಿನೊಳಗೇ ಎಳೆಯಿರಿ. ಥರ್ಮಾಕೋಲ್ ತಾಗಿದರೆ ವೈರಿನ ಪಿವಿಸಿ ಕೆಡುತ್ತದೆ. ಫೋಮ್, ಥರ್ಮಾಕೋಲ್ ಎರಡೂ ಬೇಗ ಬೆಂಕಿ ಹತ್ತುವ ವಸ್ತು. ಹಾಗಾಗಿ ಮುಚ್ಚಲು ಪ್ಲೈವುಡ್ಡಿಗಿಂತ ಸಿಮೆಂಟ್ ಬೋರ್ಡ್ ಲೇಸು. ಅಡುಗೆ ಮಾಡುವುದಿದ್ದರೆ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು.

ಗಾಳಿ ಆಡಿಸಲೇಬೇಕು ಅನ್ನುವ ಆಸೆ ಇದ್ದರೆ ಹೊರಗೆ ಆಡಿಸಿ. ಕಂಟೇನರಿನ ಮೇಲೆ ಒಂದಡಿ ಎತ್ತರ ಬಿಟ್ಟು ಶೀಟಿನ ಮಾಡು ಹಾಕಿಸಿ. ಬಿಸಿಲೂ ತಾಗುವುದಿಲ್ಲ, ಮಳೆಯ ಸದ್ದೂ ಕಡಿಮೆ.

ಫ್ಯಾನಿನ ವಿಷಯ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮಾಮೂಲಿ ಕಂಟೇನರಿನ ಒಳಗಿನ ಎತ್ತರ ಸುಮಾರು 7 ಅಡಿ 10 ಇಂಚು. ಎರಡಿಂಚು ಫೋಮ್, ಬೋರ್ಡ್, ನೆಲದ ಟೈಲ್ಸ್ ಎಲ್ಲ ಕಳೆದರೆ ಏಳೂವರೆ ಅಡಿ ಉಳಿಯುತ್ತದೆ. ಅಲ್ಲಿ ಸೀಲಿಂಗ್ ಫ್ಯಾನ್ ತೂಗುಹಾಕಿ ಅಂಗಿ ತೆಗೆಯಲು ಕೈ ಎತ್ತಿದರೆ ಆಯಿತು ಕಥೆ. ನೀವು ಗೋಡೆ ಫ್ಯಾನಿನಲ್ಲೇ ಸುಧಾರಿಸಬೇಕು. ಇನ್ನೂ ಕೊಳ್ಳದವರು 'ಹೈ ಕ್ಯೂಬ್' ಕೇಳಿ, ಒಂದಡಿ ಎತ್ತರ ಜಾಸ್ತಿ ಇರುತ್ತದೆ. ಯಾರ್ಡಿಗೆ ಹೋಗುವಾಗ ಟೇಪು ನಿಮ್ಮದೇ ಇರಲಿ, ಅಳೆದ ಮೇಲೆಯೇ ಅಡ್ವಾನ್ಸ್ ಕೊಡಿ.