ಕುರ್ಚಿ ಎತ್ತಿಡುವಾಗ ಬರುವ ಮಾತು

ನಮ್ಮ ಚರ್ಚಿನಲ್ಲಿ ಮಕ್ಕಳ ಕೂಟ ಮುಗಿದ ಮೇಲೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆ ಬದಿಗೆ ಇಡುವುದು ಮೊದಲು ದೊಡ್ಡವರಾದ ನಮ್ಮ ಕೆಲಸವಾಗಿತ್ತು. ಮಕ್ಕಳು ಕೈಹಾಕಿದರೆ ಹೊತ್ತಾಗುತ್ತದೆ, ಸದ್ದು ಜಾಸ್ತಿ, ಯಾರದಾದರೂ ಬೆರಳು ಸಿಕ್ಕಿಕೊಳ್ಳುತ್ತದೆ. ಒಂದು ದಿನ ನನ್ನ ಜೊತೆಗಾರರಿಗೆ ಬೆನ್ನು ಹಿಡಿದುಕೊಂಡಿತ್ತು. ಅವರು ಬಾಗಿಲ ಬಳಿ ಕೂತು ಹಾಜರಿ ಪುಸ್ತಕ ತುಂಬುತ್ತಿದ್ದರು. ನಾನೊಬ್ಬನೇ ಒದ್ದಾಡುವುದನ್ನು ನೋಡಿ 13 ವರ್ಷದ ಹುಡುಗನೊಬ್ಬ ಬಂದು ಕೈಜೋಡಿಸಿದ. ಎಂಟು ತಿಂಗಳಿಂದ ಬರುತ್ತಿದ್ದವನು. ಅಷ್ಟೂ ದಿನ 'ಹೂಂ', 'ಇಲ್ಲ' ಬಿಟ್ಟು ಮೂರನೆಯ ಮಾತು ಆಡಿರಲಿಲ್ಲ.

ಅರ್ಧ ಹಾಲ್ ಖಾಲಿಯಾಗಿತ್ತು. ನನ್ನ ಕಡೆ ನೋಡದೆಯೇ ಕೇಳಿದ: "ಅಂಕಲ್, ಪ್ರಾರ್ಥನೆ ಮಾಡುವಾಗ ನನಗೆ ಏನೂ ಅನ್ಸಲ್ಲ. ಬೇರೆಯವರಿಗೆಲ್ಲ ಅನ್ಸುತ್ತಾ?"

ಅವತ್ತಿನ ಪಾಠವೇ ಪ್ರಾರ್ಥನೆ. 40 ನಿಮಿಷ ಮಾತಾಡಿದ್ದೆ. ಬೋರ್ಡಿನ ಮೇಲೆ ಚಿತ್ರ ಬಿಡಿಸಿದ್ದೆ, ಆಟ ಆಡಿಸಿದ್ದೆ. 'ಯಾರಿಗಾದರೂ ಪ್ರಶ್ನೆ ಇದೆಯಾ' ಎಂದು ಎರಡು ಸಲ ಕೇಳಿದಾಗ ಎಲ್ಲರೂ ನೆಲ ನೋಡಿದ್ದರು. ಈಗ ಪ್ರಶ್ನೆ ಬಂತು. ನಾಲಿಗೆ ತುದಿಯಲ್ಲಿ ಸತ್ಯವೇದದ, ಅಂದರೆ ಬೈಬಲಿನ, ಮೂರು ವಾಕ್ಯ ತಯಾರಾಗಿದ್ದವು. ಆದರೆ ಕೈಯಲ್ಲಿ ಕುರ್ಚಿಗಳ ಭಾರ. ಅದನ್ನು ಇಳಿಸಿ ಉಸಿರು ಬಿಡುವಷ್ಟರಲ್ಲಿ ಅವನೇ ಮುಂದುವರಿಸಿದ: "ಅಮ್ಮನಿಗೆ ಹೇಳಿದ್ರೆ ಅಳ್ತಾರೆ."

ಕೈ ಖಾಲಿ ಇದ್ದಿದ್ದರೆ ನಾನು ಆ ಎರಡನೆಯ ಮಾತು ಬರುವ ಮೊದಲೇ ಉಪದೇಶ ಶುರುಮಾಡಿರುತ್ತಿದ್ದೆ. "ನನಗೂ ಎಷ್ಟೋ ದಿನ ಏನೂ ಅನ್ಸಲ್ಲ," ಎಂದೆ. "ನಿಮಗೂನಾ?" ಎಂದ. ಇನ್ನೆರಡು ಕುರ್ಚಿ ಎತ್ತಿಕೊಂಡ. ಅಷ್ಟೇ. ಮುಂದಿನ ವಾರದಿಂದ ಕುರ್ಚಿ ಎತ್ತಿಡುವುದನ್ನು ಮಕ್ಕಳಿಗೇ ಬಿಟ್ಟೆವು.

11ರಿಂದ 14 ವರ್ಷದವರ ಜೊತೆ ಕೆಲಸ ಮಾಡುತ್ತಾ ನನಗೆ ಎಲ್ಲಕ್ಕಿಂತ ತಡವಾಗಿ ತಿಳಿದದ್ದು ಇದು. ಈ ವಯಸ್ಸಿನವರು ಎದುರುಬದುರು ಕೂತರೆ ಮಾತಾಡುವುದಿಲ್ಲ. ಪಕ್ಕದಲ್ಲಿ ನಿಂತು, ಇಬ್ಬರ ಕಣ್ಣೂ ಬೇರೇನನ್ನೋ ನೋಡುತ್ತಿರುವಾಗ ಮಾತಾಡುತ್ತಾರೆ. ಪಾತ್ರೆ ತೊಳೆಯುವಾಗ, ವೈರ್ ಸುತ್ತಿಡುವಾಗ, ಹಾಡಿನ ಹಾಳೆ ಜೋಡಿಸುವಾಗ. ಕಾರ್ಯಕ್ರಮ ನಡೆಸುವುದು ಬಿಡಿ ಅಂತ ನಾನು ಹೇಳುತ್ತಿಲ್ಲ. ಕಾರ್ಯಕ್ರಮ ಇಲ್ಲದಿದ್ದರೆ ಎತ್ತಿಡಲು ಕುರ್ಚಿಯೂ ಇರುವುದಿಲ್ಲ.

ಹೊಸದಾಗಿ ಈ ಸೇವೆಗೆ ಬರುವವರಿಗೆ ಮೊದಲ ಗೊಂದಲ ವಯಸ್ಸಿನದ್ದೇ. ಹುಡುಗಿಯರ ಮೈ ಬದಲಾಗುವುದು 8ರಿಂದ 13ರ ಒಳಗೆ ಶುರುವಾಗುತ್ತದೆ, ಹುಡುಗರದ್ದು 9ರಿಂದ 14ರ ಒಳಗೆ. ಹಾಗಾಗಿ ಒಂದೇ ಬೆಂಚಿನಲ್ಲಿ ಕೂತ 12 ವರ್ಷದ ಇಬ್ಬರಲ್ಲಿ ಒಬ್ಬರು ಪೂರಾ ಮಗು, ಇನ್ನೊಬ್ಬರು ಅರ್ಧ ದೊಡ್ಡವರು. ತಲೆಯೊಳಗೂ ಹಾಗೇ. ಸುಮಾರು 11-12ರ ಹೊತ್ತಿಗೆ ಮಕ್ಕಳು 'ಹೀಗಾಗದೆ ಬೇರೆ ಥರ ಆಗಿದ್ದಿದ್ದರೆ?' ಎಂದು ಯೋಚಿಸಲು ಕಲಿಯುತ್ತಾರೆ. ಸಂಡೇ ಸ್ಕೂಲಿನಲ್ಲಿ ಪ್ರಳಯದಿಂದ ಪಾರಾದ ನೋಹನ ನಾವೆಗೆ ಬಣ್ಣ ತುಂಬಿದ ಮಗುವೇ ಈಗ "ನಾವೆಯ ಹೊರಗಿದ್ದವರ ಕಥೆ ಏನು?" ಎಂದು ಕೇಳುತ್ತದೆ. ಅದನ್ನು ಅಪನಂಬಿಕೆ ಎಂದು ಬಗೆದು ಗಾಬರಿಯಾಗುವ ಹಿರಿಯರಿದ್ದಾರೆ. ನನಗಂತೂ ಆ ಪ್ರಶ್ನೆ ಬಂದ ದಿನ ಖುಷಿಯಾಗುತ್ತದೆ. ಮಗು ಕಥೆಯ ಒಳಗೆ ಕಾಲಿಟ್ಟಿದೆ ಅಂತ ಅರ್ಥ.

ಎಲೀಷನ ಕರಡಿಗಳು ಪ್ರತಿ ವರ್ಷ ಬರುತ್ತವೆ, ತಪ್ಪುವುದೇ ಇಲ್ಲ. ಬೈಬಲಿನ ಎರಡನೆಯ ಅರಸುಗಳ ಪುಸ್ತಕದ 2ನೇ ಅಧ್ಯಾಯ. ಪ್ರವಾದಿ ಎಲೀಷನನ್ನು ಬೋಳುತಲೆಯವನೆಂದು ಗೇಲಿ ಮಾಡಿದ ಹುಡುಗರಲ್ಲಿ 42 ಮಂದಿಯನ್ನು ಎರಡು ಕರಡಿಗಳು ಸೀಳಿದವು. ಪಾಠಪುಸ್ತಕದಲ್ಲಿ ಇಲ್ಲದ ಈ ಕಥೆಯನ್ನು ಹುಡುಗರು ಅದು ಹೇಗೋ ಹುಡುಕಿ ತರುತ್ತಾರೆ. ಒಬ್ಬ ಓದುತ್ತಾನೆ, ಉಳಿದವರು ನನ್ನ ತಲೆ ನೋಡುತ್ತಾರೆ. (ನನ್ನ ತಲೆಯಲ್ಲೂ ಈಗ ಹೆಚ್ಚೇನೂ ಉಳಿದಿಲ್ಲ.) ನಕ್ಕು ಮುಗಿದ ಮೇಲೆ ಯಾರಾದರೂ ಒಬ್ಬರು ಮೆಲ್ಲಗೆ ಕೇಳಿಯೇ ಕೇಳುತ್ತಾರೆ: "ನಿಜಕ್ಕೂ, ದೇವರು ಅಷ್ಟಕ್ಕೇ ಹಾಗೆ ಮಾಡ್ತಾರಾ?"

ಮೊದಲೆಲ್ಲ ನಾನು ತಕ್ಷಣ ವಿವರಣೆ ಕೊಡುತ್ತಿದ್ದೆ. ಕೊಟ್ಟ ಕೂಡಲೇ ಮಾತು ನಿಂತುಹೋಗುತ್ತಿತ್ತು. ಈಗ ಪ್ರಶ್ನೆಯನ್ನು ಕೇಳಿದ ಹಾಗೇ ಬೋರ್ಡಿನ ಮೂಲೆಯಲ್ಲಿ ಬರೆದು ಒಂದು ವಾರ ಬಿಡುತ್ತೇನೆ. ಅಳಿಸಬೇಡಿ ಅಂತ ಪಕ್ಕದಲ್ಲಿ ಬರೆದಿರುತ್ತೇನೆ. ವಾರ ಕಳೆದು ಬಂದಾಗ ಮೂರ್ನಾಲ್ಕು ಜನ ತಮ್ಮದೇ ಉತ್ತರ ಹೊತ್ತು ತಂದಿರುತ್ತಾರೆ. ಕೆಲವು ಉತ್ತರಗಳಿಗೆ ನಮ್ಮ ಪಾಸ್ಟರ್ ತಲೆ ಮೇಲೆ ಕೈಹೊತ್ತು ಕೂರಬೇಕು, ಹಾಗಿರುತ್ತವೆ. ಇರಲಿ. ನನ್ನ ಸರದಿ ಕೊನೆಗೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ. ಅದನ್ನು ಹೇಳಲು ಕಲಿಯುವುದಕ್ಕೆ ನನಗೆ ವರ್ಷಗಳೇ ಬೇಕಾದವು.

ಈ ಸೇವೆಗೆ ಮಾದರಿ ಯಾರು ಎಂದರೆ ಹೆಚ್ಚಿನವರು ಯುವಕ ತಿಮೊಥೆಯನನ್ನು ಬೆಳೆಸಿದ ಅಪೊಸ್ತಲ ಪೌಲನ ಹೆಸರು ಹೇಳುತ್ತಾರೆ. ನಾನು ದೇವಾಲಯದ ಯಾಜಕ ಏಲಿಯ ಹೆಸರು ಹೇಳುತ್ತೇನೆ. ಆಶ್ಚರ್ಯವಾಗಬಹುದು. ಏಲಿ ತನ್ನ ಸ್ವಂತ ಮಕ್ಕಳನ್ನು ಹದ್ದುಬಸ್ತಿನಲ್ಲಿಡಲಾಗದೆ ಸೋತವನು. ಕಣ್ಣು ಮಬ್ಬಾದ ಮುದುಕ. ಸಮುವೇಲನ ಮೊದಲನೆಯ ಪುಸ್ತಕದ 3ನೇ ಅಧ್ಯಾಯವನ್ನು ಅವನ ಕಡೆಯಿಂದ ಓದಿ ನೋಡಿ. ಅವನ ಕೈಕೆಳಗೆ ಸೇವೆ ಮಾಡುತ್ತಿದ್ದ ಹುಡುಗ ಸಮುವೇಲ ರಾತ್ರಿ ಎದ್ದು ಓಡಿಬರುತ್ತಾನೆ, "ನೀವು ಕರೆದಿರಲ್ಲಾ" ಅಂತ. ಹುಡುಗನ ವಯಸ್ಸೆಷ್ಟು ಎಂದು ಬೈಬಲ್ ಹೇಳುವುದಿಲ್ಲ. ಒಂದನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ 12 ಎನ್ನುತ್ತಾನೆ, ಅಂದರೆ ನಮ್ಮ ಗುಂಪಿನ ವಯಸ್ಸೇ. ಏಲಿಗೆ ಮೊದಲ ಎರಡು ಸಲವೂ ತಿಳಿಯುವುದಿಲ್ಲ. ಹೋಗಿ ಮಲಗು ಅನ್ನುತ್ತಾನೆ. ಬೈಯುವುದಿಲ್ಲ. ಕರೆಯುತ್ತಿರುವುದು ದೇವರು ಎಂದು ಮೂರನೆಯ ಸಲ ಹೊಳೆಯುತ್ತದೆ. ಆಗಲೂ 'ನಡಿ, ನಾನೂ ಬರ್ತೀನಿ' ಎನ್ನುವುದಿಲ್ಲ. ಕರೆದರೆ ಏನು ಹೇಳಬೇಕು ಎಂಬ ಒಂದೇ ಒಂದು ಸಾಲು ಹೇಳಿಕೊಟ್ಟು ಹುಡುಗನನ್ನು ಅವನ ಹಾಸಿಗೆಗೆ ವಾಪಸ್ ಕಳಿಸುತ್ತಾನೆ.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೆಳಗ್ಗೆ ನಡೆದದ್ದು. ಸಮುವೇಲ ಎದ್ದು ದೇವಾಲಯದ ಬಾಗಿಲು ತೆರೆಯುತ್ತಾನೆ, ದಿನದ ಕೆಲಸ. ರಾತ್ರಿ ಕೇಳಿದ್ದನ್ನು ಹೇಳಲು ಅವನಿಗೆ ಭಯ. ಕೇಳಿದ್ದು ಏಲಿಯ ಮನೆತನದ ವಿರುದ್ಧವೇ ಬಂದ ತೀರ್ಪು. ಏಲಿ ಕರೆದು ಏನನ್ನೂ ಮುಚ್ಚಿಡಬೇಡ ಎನ್ನುತ್ತಾನೆ. ಹುಡುಗ ಎಲ್ಲ ಹೇಳುತ್ತಾನೆ. ಮುದುಕ ಒಪ್ಪಿಕೊಳ್ಳುತ್ತಾನೆ.

ನಮ್ಮ ಬಗ್ಗೆ ಮಕ್ಕಳು ಹೇಳುವುದನ್ನು ಹಾಗೆ ಕೇಳಿಸಿಕೊಳ್ಳುವುದು ಸುಲಭವಲ್ಲ. ನನಗೆ ಅದು ಒಂದು ಚೀಟಿಯಲ್ಲಿ ಬಂತು. ವರ್ಷದ ಕೊನೆಗೆ, ಹೆಸರು ಹಾಕದೆ, ಇಲ್ಲಿ ಏನು ಇಷ್ಟ, ಏನು ಕಷ್ಟ ಎಂದು ಬರೆಯಿರಿ ಅಂದಿದ್ದೆ. ಒಂದು ಚೀಟಿಯಲ್ಲಿ ಹೀಗಿತ್ತು: 'ಸುತ್ತಿನಲ್ಲಿ ಓದಿಸಬೇಡಿ.'

ವಾಕ್ಯಭಾಗವನ್ನು ನಾವು ಸುತ್ತಲೂ ಕೂತು ಒಬ್ಬೊಬ್ಬರು ಒಂದೊಂದು ವಚನ ಓದುತ್ತಿದ್ದೆವು. ಅದರಲ್ಲೇನು ತಪ್ಪು ಅಂದುಕೊಂಡೆ. ಮುಂದಿನ ವಾರ ಗಮನಿಸಿದೆ. ಒಬ್ಬ ಹುಡುಗಿ ತನ್ನ ಸರದಿಗೆ ಎಷ್ಟು ವಚನ ಉಳಿದಿದೆ ಎಂದು ಬೆರಳಲ್ಲಿ ಎಣಿಸುತ್ತಿದ್ದಳು. ಮೂರು ಜನ ಉಳಿದಾಗ ಎದ್ದು ಬಾತ್‌ರೂಮಿಗೆ ಹೋದಳು. ಸರದಿ ದಾಟಿದ ಮೇಲೆ ಬಂದು ಕೂತಳು. ಆಮೇಲೆ ನೆನಪು ಮಾಡಿಕೊಂಡರೆ ಅವಳು ಎಷ್ಟೋ ತಿಂಗಳಿಂದ ಹಾಗೇ ಮಾಡುತ್ತಿದ್ದಳು. ಅವಳಿಗೆ ಅಕ್ಷರಗಳು ಬೇಗ ಹಿಡಿತಕ್ಕೆ ಸಿಗುತ್ತಿರಲಿಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕಾ ಪ್ರಕಾಶಕ ಭಾನುವಾರ ಶಾಲೆ ಶುರುಮಾಡಿದ್ದು ವಾರವಿಡೀ ದುಡಿದು ಓದು ಕಲಿಯಲಾಗದ ಮಕ್ಕಳಿಗಾಗಿ. ನಾನು ಅದೇ ಸಂಡೇ ಸ್ಕೂಲಿನ ಮುಂದುವರಿಕೆ ಅಂತ ಹೇಳಿಕೊಂಡು ಓದಲಾಗದ ಮಗುವನ್ನು ಬಾತ್‌ರೂಮಿಗೆ ಅಟ್ಟುತ್ತಿದ್ದೆ.

ಈಗ ಓದಲು ಇಷ್ಟವಿದ್ದವರು ಮಾತ್ರ ಓದುತ್ತಾರೆ. ಸುತ್ತಿನಲ್ಲಿ ಜೋರಾಗಿ ಪ್ರಾರ್ಥನೆ ಮಾಡಿಸುವುದನ್ನೂ ನಿಲ್ಲಿಸಿದೆ. ಆಟಕ್ಕೆ ಇಬ್ಬರು ನಾಯಕರು ನಿಂತು ಒಬ್ಬೊಬ್ಬರನ್ನೇ ಆರಿಸುವ ಪದ್ಧತಿಯೂ ಹೋಯಿತು. ಕೊನೆಗೆ ಉಳಿಯುವ ಮಗು ಪ್ರತಿ ಸಲ ಅದೇ ಮಗು, ಅಲ್ವಾ? ಹುಟ್ಟಿದ ತಿಂಗಳ ಮೇಲೆ ತಂಡ ಮಾಡಿದರೆ ಯಾರೂ ಕೊನೆಗೆ ಉಳಿಯುವುದಿಲ್ಲ.

ಇನ್ನು ಸುರಕ್ಷತೆ. ಇದರಲ್ಲಿ ನನ್ನದು ಕಡ್ಡಿ ಮುರಿದ ಮಾತು. ಯಾವ ದೊಡ್ಡವರೂ ಯಾವ ಮಗುವಿನ ಜೊತೆಗೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಪಾಸ್ಟರ್ ಆಗಲಿ, ಇಪ್ಪತ್ತು ವರ್ಷದಿಂದ ಸೇವೆ ಮಾಡುತ್ತಿರುವವರಾಗಲಿ, ನಾನಾಗಲಿ. ಕೂಟದಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಬೇಕು. ಮಗುವಿಗೆ ಖಾಸಗಿಯಾಗಿ ಮೆಸೇಜ್ ಕಳಿಸುವಂತಿಲ್ಲ, ಇನ್ನೊಬ್ಬ ದೊಡ್ಡವರು ಇರುವ ಗುಂಪಿನಲ್ಲೇ ಎಲ್ಲ ಮಾತು. "ನಮ್ಮವರ ಮೇಲೇ ಅನುಮಾನವಾ?" ಎಂದು ಬೇಜಾರು ಮಾಡಿಕೊಳ್ಳುವವರಿದ್ದಾರೆ. ಮಾಡಿಕೊಳ್ಳಲಿ. ನಂಬಿಕಸ್ಥರಾಗಿ ಕಾಣುವವರೇ ಮಕ್ಕಳಿಗೆ ಕೇಡು ಮಾಡಿದ ಉದಾಹರಣೆಗಳು ಚರ್ಚುಗಳ ಇತಿಹಾಸದಲ್ಲಿ ಬೇಕಾದಷ್ಟಿವೆ.

ಆದರೆ ಮಗುವಿಗೆ ಗುಟ್ಟಾಗಿ ಹೇಳಬೇಕಾದದ್ದೂ ಇರುತ್ತದಲ್ಲ? ಅದಕ್ಕೆ ನಮ್ಮ ಗುಂಪಿನಲ್ಲಿ ಒಂದು ಮಾತಿದೆ: ಕಿವಿಗೆ ಕೇಳಬಾರದು, ಕಣ್ಣಿಗೆ ಕಾಣಬೇಕು. ಕುರ್ಚಿ ಎತ್ತಿಡುವ ಹೊತ್ತು ಇದಕ್ಕೆ ಹೇಳಿ ಮಾಡಿಸಿದಂತಿದೆ. ದೊಡ್ಡ ಹಾಲ್, ದೀಪ ಉರಿಯುತ್ತಿರುತ್ತದೆ, ಬಾಗಿಲು ತೆರೆದಿರುತ್ತದೆ, ಎಲ್ಲರೂ ಎಲ್ಲರನ್ನೂ ನೋಡಬಹುದು. ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.

"ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ" ಎಂದು ಮಗು ಕೇಳಿದರೆ ಮಾತು ಕೊಡಬೇಡಿ. "ನಿನಗೋ ಬೇರೆಯವರಿಗೋ ಅಪಾಯ ಇದೆ ಅನ್ನಿಸಿದರೆ ಸಹಾಯ ಮಾಡಬಲ್ಲವರಿಗೆ ಹೇಳಲೇಬೇಕಾಗುತ್ತೆ. ಯಾರಿಗೆ ಅಂತ ಮೊದಲು ನಿನಗೆ ಹೇಳ್ತೀನಿ" ಎನ್ನಿ. ಇಷ್ಟು ಹೇಳಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ ಎಂದು ನಾನು ಹೆದರುತ್ತಿದ್ದೆ. ಕೆಲವರು ಮುಚ್ಚಿಕೊಂಡರು, ನಿಜ. ಹೆಚ್ಚಿನವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು. ಅವರಿಗೂ ಬೇಕಾಗಿದ್ದದ್ದು ಅದೇ ಇರಬೇಕು. ಹೇಳಿದ ಮೇಲೆ ನೀವೇ ತನಿಖೆಗೆ ಇಳಿಯಬೇಡಿ. ಕೇಳಿದ್ದನ್ನು ಮಗುವಿನ ಮಾತಿನಲ್ಲೇ ಬರೆದಿಟ್ಟು, ಅದೇ ದಿನ ಜವಾಬ್ದಾರಿ ಇರುವವರಿಗೆ, ಕಾನೂನು ಹೇಳುವ ಕಡೆಗೆ ಮುಟ್ಟಿಸಿ.

ಅಪ್ಪ ಅಮ್ಮಂದಿರು ನನ್ನಿಂದ ಬಯಸುವುದು ಬೇರೆಯೇ. "ನೀವು ಹೇಳಿದ್ರೆ ಕೇಳ್ತಾನೆ, ಸ್ವಲ್ಪ ಹೇಳಿ" ಎಂದು ಬಾಗಿಲಲ್ಲಿ ಹಿಡಿದು ನಿಲ್ಲಿಸುತ್ತಾರೆ. ಫೋನು, ಮಾರ್ಕ್ಸು, ಎದುರು ಮಾತು. ನಾನು ಅವರ ಪರವಾಗಿ ಗದರಿಸಲು ಶುರುಮಾಡಿದ ದಿನ ಮಗುವಿಗೆ ಇರುವ ಇನ್ನೊಂದು ಕಿವಿಯೂ ಹೋಯಿತು. ಅವರಿಗೆ ಲೂಕನ ಸುವಾರ್ತೆಯ 2ನೇ ಅಧ್ಯಾಯ ನೆನಪಿಸುತ್ತೇನೆ. ಯೇಸುವಿಗೆ 12 ವರ್ಷ. ಹಬ್ಬ ಮುಗಿಸಿ ಯೆರೂಸಲೇಮಿನಿಂದ ಊರಿಗೆ ಹೊರಟ ಮರಿಯಳಿಗೂ ಯೋಸೇಫನಿಗೂ ಒಂದು ದಿನದ ದಾರಿ ನಡೆದ ಮೇಲೆ ಮಗ ಜೊತೆಯಲ್ಲಿಲ್ಲ ಎಂದು ಗೊತ್ತಾಯಿತು. ಸಿಕ್ಕಿದ್ದು ಮೂರು ದಿನದ ಮೇಲೆ, ದೇವಾಲಯದಲ್ಲಿ. ಅಲ್ಲಿ ಬೋಧಕರ ನಡುವೆ ಕೂತು ಕೇಳಿಸಿಕೊಳ್ಳುತ್ತಿದ್ದ, ಪ್ರಶ್ನೆ ಕೇಳುತ್ತಿದ್ದ. ಅವನು ಕೊಟ್ಟ ಉತ್ತರ ತಂದೆತಾಯಿಗೆ ಅರ್ಥವಾಗಲಿಲ್ಲ ಎಂದು ಲೂಕ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. "ಅವರಿಗೇ ಅರ್ಥವಾಗಲಿಲ್ಲ ಅಂದ್ಮೇಲೆ ನಮ್ಮದೇನು ಬಿಡಿ" ಎಂದು ಒಬ್ಬ ತಾಯಿ ನಕ್ಕರು. ಆಮೇಲೆ ಯೇಸು ಸುಮಾರು 30 ವರ್ಷದವನಾಗುವವರೆಗೆ ಲೂಕ ಹೇಳುವುದು ಎರಡು ವಚನ. ತಂದೆತಾಯಿಗೆ ಅಧೀನನಾಗಿದ್ದ, ಬೆಳೆದ. ಆ ವರ್ಷಗಳ ವರದಿ ಯಾರಿಗೂ ಸಿಕ್ಕಿಲ್ಲ. ನಮಗೆ ಮಾತ್ರ ಪ್ರತಿ ತಿಂಗಳೂ ವರದಿ ಬೇಕು.

ವರದಿ ಅಂದರೆ ಶಿಬಿರದ ಕೊನೆಯ ರಾತ್ರಿ ನೆನಪಾಗುತ್ತದೆ. ಮೂರು ದಿನ ನಿದ್ದೆ ಕೆಟ್ಟ ಮಕ್ಕಳು, ಮಂದ ಬೆಳಕು, ಮೆಲ್ಲನೆಯ ಹಾಡು. ಯೇಸುವನ್ನು ಹಿಂಬಾಲಿಸುವ ನಿರ್ಧಾರ ಮಾಡಿದವರು ಕೈ ಎತ್ತಿ ಎಂದರೆ ಒಂದು ಕೈ ಏಳುತ್ತದೆ, ಅದರ ಗೆಳತಿಯ ಕೈ ಏಳುತ್ತದೆ, ಆಮೇಲೆ ಇಡೀ ಸಾಲು. ಎಣಿಸಿ ಸಭೆಗೆ ಹೇಳಿದರೆ ಎಲ್ಲರಿಗೂ ಸಂತೋಷ. ನಾನೂ ಎಣಿಸಿದ್ದೇನೆ. ಈ ವಯಸ್ಸಿನಲ್ಲಿ ಭಾವನೆ ಬೇಗ ಉಕ್ಕುತ್ತದೆ. ಮುಂದಿನದನ್ನು ತೂಗಿ ನೋಡುವ ಮೆದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಅವರ ಕಣ್ಣೀರು ಸುಳ್ಳು ಅನ್ನುತ್ತಿಲ್ಲ. ನಾವು ಅದಕ್ಕೆ ಅಲ್ಲೇ ರಸೀದಿ ಬರೆಯುವುದು ಬೇಡ ಅನ್ನುತ್ತೇನೆ. ಈಗ ಶಿಬಿರದಲ್ಲಿ ಯಾರಾದರೂ ನಿರ್ಧಾರ ಮಾಡಬೇಕೆಂದರೆ ಮನೆಗೆ ಹೋಗಿ, ನಿದ್ದೆ ಮಾಡಿ, ಬೇಕಾದರೆ ಮುಂದಿನ ವಾರ ಬಂದು ಹೇಳು ಅನ್ನುತ್ತೇವೆ. ಕೈಗಳ ಲೆಕ್ಕ ಇಳಿದಿದೆ. ಹಿರಿಯರು ಯಾಕೆಂದು ಕೇಳಿದ್ದಾರೆ.

ನಿದ್ದೆಯ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಆದರೆ ಆ ವಯಸ್ಸಿಗೆ ಮೈಯ ಗಡಿಯಾರವೇ ತಡವಾಗಿ ಓಡುತ್ತದೆ, ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ. ಬೆಳಗಿನ ಆರಾಧನೆಯಲ್ಲಿ ಆಕಳಿಸುವ ಹುಡುಗನನ್ನು ಭಕ್ತಿಯಿಲ್ಲದವನು ಎನ್ನುವವರಿಗೆ ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯ ತೋರಿಸುತ್ತೇನೆ. ಪೌಲನ ಪ್ರಸಂಗ ನಡುರಾತ್ರಿಯವರೆಗೆ ಹೋಯಿತು. ಯೂತಿಕನೆಂಬ ಯೌವನಸ್ಥ ಕಿಟಕಿಯಲ್ಲಿ ಕೂತು ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದ. ಪೌಲ ಪ್ರಸಂಗ ನಿಲ್ಲಿಸಿ ಕೆಳಗಿಳಿದು ಹೋಗಿ ಅವನನ್ನು ಅಪ್ಪಿಕೊಂಡ, ಬೈಯಲಿಲ್ಲ. (ಆಮೇಲೆ ಮೇಲೆ ಬಂದು ಬೆಳಗಾಗುವವರೆಗೆ ಮತ್ತೆ ಮಾತಾಡಿದ, ಅದು ಬೇರೆ ವಿಷಯ.)

ಮೊದಲ ಸಲ ಕುರ್ಚಿ ಎತ್ತಲು ಬಂದ ಆ ಹುಡುಗನ ಬಗ್ಗೆ ಕೇಳುತ್ತಾರೆ. ಅವನಿಗೀಗ ಪ್ರಾರ್ಥನೆಯಲ್ಲಿ ಏನಾದರೂ ಅನ್ನಿಸುತ್ತದೆಯೇ ಎಂದು ನಾನು ಕೇಳಿಲ್ಲ. ಬರುತ್ತಾನೆ. ಸೌಂಡ್ ಸಿಸ್ಟಮ್ ಅವನ ಕೈಲಿದೆ, ಹಾಲ್‌ನ ಒಂದು ಬೀಗದ ಕೈಯೂ ಅವನ ಹತ್ತಿರ ಇದೆ. ಕೆಲವು ವಾರ ಬರುವುದಿಲ್ಲ. ಬೀಗದ ಕೈ ಮಾತ್ರ ಯಾರ ಕೈಯಲ್ಲಾದರೂ ಕಳಿಸುತ್ತಾನೆ.

ಕಳೆದ ತಿಂಗಳು ಕಮಿಟಿಯಲ್ಲಿ ಒಬ್ಬ ಹಿರಿಯರು ಕುರ್ಚಿ ಸಾಗಿಸಲು ಚಕ್ರದ ಗಾಡಿ ತರಿಸೋಣ ಎಂದರು. ಮಕ್ಕಳು ಪಾಪ ಅರ್ಧ ಗಂಟೆ ಒದ್ದಾಡುತ್ತಾರೆ, ಗಾಡಿ ಇದ್ದರೆ ಐದು ನಿಮಿಷದ ಕೆಲಸ, ಖರ್ಚು ನಾನೇ ಕೊಡುತ್ತೇನೆ ಎಂದರು. ಎಲ್ಲರೂ ಒಪ್ಪಿದರು. ನಾನು ಬೇಡ ಅಂದೆ. ಯಾಕೆ ಎಂದು ಕೇಳಿದಾಗ ಥಟ್ಟನೆ ಏನು ಹೇಳಬೇಕೋ ತೋಚಲಿಲ್ಲ. ಬೆನ್ನು ನೋವಿನ ಜೊತೆಗಾರರು ನನ್ನ ಮುಖ ನೋಡಿ ನಗುತ್ತಾ, "ಹಾಲ್‌ನಲ್ಲಿ ಗಾಡಿ ಇಡೋಕೆ ಜಾಗ ಇಲ್ಲ ಬಿಡಿ," ಎಂದರು.